ಬ್ರಾಕನ್ ಜರಿಗಿಡ: ಅದರ ಸಸ್ಯಲಕ್ಷಣಗಳೂ ಮೇವಿನ ನೆಲಗಳಿಗೆ ಅದರಿಂದಾಗುವ ಹಾನಿಯೂ

ಪಶ್ಚಿಮಘಟ್ಟಗಳ ಎತ್ತರದ ಪ್ರದೇಶಗಳಲ್ಲಿ ಹುಲ್ಲುಬನ್ನಿ, ಗೋಮಾಳ ಅಥವಾ ಬಾಣೆಗಳ ಮೇಲ್ವಿಚಾರಣೆಯುಳ್ಳ ಗ್ರಾಮಮುಖ್ಯಸ್ಥರೂ ಜಮೀನುದಾರರೂ ಒಂದು ಸಂಗತಿಯನ್ನು ಕಂಡೇ ಇರುವರು. ಬೇಸಿಗೆಯಲ್ಲಿ ಬೆಂಕಿ ಬಿದ್ದು ಗುಡ್ಡದ ಮೈಯೆಲ್ಲಾ ಕರಿಯಾದ ಮೇಲೆ, ಮೊದಲ ಮಳೆಗಳು ಬಿದ್ದೊಡನೆಯೇ, ಮುಷ್ಟಿ ಹಿಡಿದಂತೆ ತಲೆಯನ್ನು ಸುರುಳಿ ಸುತ್ತಿಕೊಂಡ ಹಸಿರು ಕುಡಿಗಳು ಬೂದಿಯನ್ನು ಭೇದಿಸಿಕೊಂಡು ಒಂದೊಂದಾಗಿ ಮೇಲೇಳುವುವು. ಕೆಲವು ವಾರಗಳು ಕಳೆಯುವಷ್ಟರಲ್ಲಿ ಅವು ಸೊಂಟದೆತ್ತರಕ್ಕೆ ಬೆಳೆದು, ಗರಿಗೆ ಗರಿ ತಾಗಿ, ಕೆಳಗಿನ ಹುಲ್ಲಿಗೆ ಬಿಸಿಲು ಸೋಕದಂತೆ ಮಾಡುವುವು. ಕತ್ತಿಯಿಂದ ಸವರಿದರೆ ಮತ್ತೆ ಬರುತ್ತದೆ. ಸುಟ್ಟರೆ ಇನ್ನೂ ಹೆಚ್ಚಾಗಿ ಬರುತ್ತದೆ. ಇದೇ ಬ್ರಾಕನ್ ಎಂಬ ಜರಿಗಿಡವು.

ಗಿಡಗಳ ಅಂಗರಚನೆಯನ್ನು ತಿಳಿಯುವುದರಿಂದ ಬೇಸಾಯಗಾರನಿಗೆ ಆಗತಕ್ಕ ಲಾಭವೇನೆಂದು ಕೇಳುವವರುಂಟು. ಅನೇಕ ಕಳೆಗಳ ವಿಷಯದಲ್ಲಿ ಆ ಪ್ರಶ್ನೆಗೆ ಸ್ವಲ್ಪ ನ್ಯಾಯವೂ ಉಂಟು; ಗುರುತು ಸಿಕ್ಕಿದರೆ ಕಿತ್ತು ಬಿಸುಟರಾಯಿತು. ಈ ಜರಿಗಿಡದ ವಿಷಯದಲ್ಲಾದರೋ ಹಾಗಲ್ಲ. ನಾವು ಗಿಡವೆಂದು ಕಡಿಯುವುದು ಅದರ ಎಲೆಯನ್ನು ಮಾತ್ರ. ಗಿಡವು ಅಷ್ಟು ಹೊತ್ತೂ ನೆಲದೊಳಗೆ ಕ್ಷೇಮವಾಗಿರುತ್ತದೆ. ಈ ಸಂಗತಿಯನ್ನು ಅರಿಯದೆ ಕಳೆ ಕಡಿಯುವುದಕ್ಕೆಂದು ಕೊಟ್ಟ ಕೂಲಿಯಲ್ಲಿ ಬಹುಭಾಗವು ವ್ಯರ್ಥವೆಂದೇ ಹೇಳಬೇಕು. ದನಕರುಗಳಿಗೆ ಇದರಿಂದ ಉಂಟಾಗುವ ರೋಗಗಳಂತೂ ಮೇವಿನ ನಷ್ಟಕ್ಕಿಂತಲೂ ಗುರುತರವಾದುವು.

ಗುರುತಿಸುವ ಬಗೆ

ಮಲೆನಾಡಿನಲ್ಲಿ ಜರಿಗಿಡಗಳ ಜಾತಿಗಳು ಬಹಳ. ಅವುಗಳಲ್ಲಿ ಬ್ರಾಕನ್ನನ್ನು ಬೇರ್ಪಡಿಸಿ ತಿಳಿಯುವುದು ಮೊದಲ ಕೆಲಸ. ಇತರ ಅನೇಕ ಜರಿಗಿಡಗಳಲ್ಲಿ ಎಲೆಗಳು ಒಂದೇ ಬುಡದಿಂದ ಬುಟ್ಟಿಯ ಆಕಾರವಾಗಿ ಸುತ್ತಲೂ ಹೊರಡುವುವು. ಇದರಲ್ಲಿ ಹಾಗಿಲ್ಲದೆ, ಒಂದೊಂದು ಎಲೆಯೂ ಪ್ರತ್ಯೇಕವಾಗಿ, ಒಂದರಿಂದೊಂದು ಅಷ್ಟು ದೂರದಲ್ಲಿ, ನೆಲದಿಂದ ನೆಟ್ಟಗೆ ಮೇಲೇಳುತ್ತದೆ. ಎಲೆಯ ತೊಟ್ಟು ಗಟ್ಟಿಯಾದುದು. ನೆಲದ ಮೇಲಣ ಭಾಗವು ಒಣಹುಲ್ಲಿನ ಬಣ್ಣವಾಗಿಯೂ ಬುಡವು ಕಪ್ಪಾಗಿಯೂ ಇರುವುದು. ಎಲೆಯು ಒಟ್ಟಿನಲ್ಲಿ ತ್ರಿಕೋಣಾಕಾರವಾಗಿದ್ದು, ಹಕ್ಕಿಯ ಪುಕ್ಕದಂತೆ ಎರಡು ಮೂರು ಸಲ ಸೀಳಿರುತ್ತದೆ. ಬಲಿತ ಮೇಲೆ ಮುಟ್ಟಿದರೆ ತೊಗಲಿನಂತೆ ಒರಟು. ಕಿರುಗರಿಗಳ ಅಂಚು ಕೆಳಮುಖವಾಗಿ ಮಡಿಸಿಕೊಂಡಿರುವುದು ಮುಖ್ಯವಾದ ಗುರುತು. ಎತ್ತರವು ಸಾಮಾನ್ಯವಾಗಿ 2 ಅಡಿಗಳಿಂದ 6 ಅಡಿಗಳವರೆಗೆ. ಬಿಸಿಲು ಬೀಳುವ, ನೀರು ನಿಲ್ಲದ, ಇಳಿಜಾರಾದ ನೆಲವೇ ಇದಕ್ಕೆ ಪ್ರಿಯ. ಜೌಗಿನಲ್ಲಿಯೂ ದಟ್ಟವಾದ ಮರಗಳ ನೆರಳಿನಲ್ಲಿಯೂ ಇದು ಬಲವಾಗಿ ಬೆಳೆಯಲಾರದು.

ಘಟ್ಟದ ರಸ್ತೆಗಳನ್ನು ಕಡಿದ ದರೆಗಳ ಮೇಲೆ ಪೊದೆಪೊದೆಯಾಗಿ ಇಳಿಬಿದ್ದಿರುವ ಜರಿಗಿಡವು ಬೇರೆಯದು. ಅದರ ಕಡ್ಡಿಗಳು ಎರಡೆರಡಾಗಿ ಕವಲೊಡೆಯುತ್ತಾ ಹೋಗುವುದರಿಂದ ಮಕ್ಕಳೂ ಅದನ್ನು ಗುರುತಿಸಬಲ್ಲರು. ಕೊಡಗಿನಲ್ಲಿ ತೆರ್ಮೆ ತೊಪ್ಪು ಎಂದು ಕರೆದು ಮಳೆಗಾಲದಲ್ಲಿ ಪಲ್ಯಕ್ಕೆ ಉಪಯೋಗಿಸುವ ಜರಿಯ ಕುಡಿಯೂ ಬ್ರಾಕನ್ ಅಲ್ಲ. ಅದು ತೋಡು ಹಳ್ಳಗಳ ಅಂಚಿನ ತೇವದಲ್ಲಿ ಬೆಳೆಯತಕ್ಕ ಡಿಪ್ಲೇಜಿಯಂ ಎಂಬ ಬೇರೆ ವಂಶಕ್ಕೆ ಸೇರಿದ್ದು. ಕುಡಿಗಳೆರಡೂ ಸುರುಳಿಯಾಗಿರುವ ಕಾರಣ ಒಂದನ್ನು ಮತ್ತೊಂದೆಂದು ಎಣಿಸುವ ಸಂಭವವುಂಟು. ಆದುದರಿಂದ ಒಣಗಿದ ಬೋಳುಗುಡ್ಡದ ಮೇಲೆ ದೊರೆತ ಕುಡಿಯನ್ನು ಅಡಿಗೆಮನೆಗೆ ತರದಿರುವುದೇ ಲೇಸು.

ಹೆಸರಿನ ವಿಚಾರವಾಗಿ ಎರಡು ಮಾತು. ಸ್ವೀಡನ್ ದೇಶದ ಲಿನೇಯಸ್ ಎಂಬ ಪ್ರಸಿದ್ಧ ಪಂಡಿತನು 1753ರಲ್ಲಿ ಯೂರೋಪಿನ ಬ್ರಾಕನ್ನಿಗೆ ಟೆರಿಸ್ ಅಕ್ವಿಲಿನಾ ಎಂದು ಹೆಸರಿಟ್ಟನು. ಮೊದಲ ಪದವು ರೆಕ್ಕೆಯನ್ನು ಸೂಚಿಸುವ ಗ್ರೀಕ್ ಮೂಲದಿಂದ ಬಂದುದು. ಎರಡನೆಯದು ಲ್ಯಾಟಿನಿನಲ್ಲಿ ಹದ್ದಿಗೆ ಸಂಬಂಧಿಸಿದ್ದು. ತೊಟ್ಟಿನ ಬುಡವನ್ನು ಓರೆಯಾಗಿ ಕತ್ತರಿಸಿ ನೋಡಿದರೆ, ಒಳಗಣ ಕಪ್ಪು ನಾಳಗಳು ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರದಂತೆ ತೋರುವುದೆಂದು ಹೇಳುತ್ತಾರೆ. ಹದ್ದು ಕಾಣುವುದಕ್ಕೆ ನೋಡುವವನಲ್ಲಿ ಕೊಂಚ ಭಕ್ತಿಯೂ ಇರಬೇಕು! ಈಗ ಈ ಗಿಡಗಳ ವಂಶಕ್ಕೆ ಟೆರಿಡಿಯಂ ಎಂದು ಹೆಸರು. ಬಹುಕಾಲ ಲೋಕದ ಬ್ರಾಕನ್ನುಗಳನ್ನೆಲ್ಲಾ ಒಂದೇ ಜಾತಿಯೆಂದು ಎಣಿಸುತ್ತಿದ್ದರು. ಈಚಿನ ಶಾಸ್ತ್ರಜ್ಞರು ಹಲವು ಜಾತಿಗಳನ್ನಾಗಿ ವಿಂಗಡಿಸಿರುವರು. ನಮ್ಮ ಘಟ್ಟಗಳಲ್ಲಿರುವುದು ಟೆರಿಡಿಯಂ ರೆವೊಲ್ಯೂಟಂ, ಎಂದರೆ ಅಂಚು ಹಿಂದಕ್ಕೆ ಸುರುಳಿಕೊಂಡದ್ದು. ಧ್ರುವಪ್ರದೇಶಗಳನ್ನೂ ಮರುಭೂಮಿಗಳನ್ನೂ ಬಿಟ್ಟರೆ ಈ ವಂಶದ ಗಿಡಗಳು ಕಾಲಿಡದ ಭೂಖಂಡವಿಲ್ಲವೆನ್ನಬಹುದು.

ನೆಲದೊಳಗಣ ಗಿಡ

ಗುದ್ದಲಿಯಿಂದ ಒಂದೂವರೆ ಅಡಿಯಷ್ಟು ಅಗೆದು ನೋಡಿದರೆ ಈ ಗಿಡದ ನಿಜಸ್ವರೂಪವು ತಿಳಿಯುವುದು. ಬೆರಳು ಗಾತ್ರದ, ಕಪ್ಪುಬಣ್ಣದ, ರೋಮಗಳುಳ್ಳ ಹಗ್ಗಗಳಂತಹ ಕಾಂಡಗಳು ಮಣ್ಣಿನೊಳಗೆ ಅಡ್ಡಡ್ಡಲಾಗಿ ಹರಿದಿರುತ್ತವೆ. ಇವು ಬೇರುಗಳಲ್ಲ, ಶುಂಠಿ ಅರಿಶಿನಗಳಲ್ಲಿರುವಂತೆ ನೆಲದೊಳಗೆ ವಾಸಿಸುವ ಗುಪ್ತಕಾಂಡಗಳು. ಇವುಗಳಲ್ಲಿ ಎರಡು ವಿಧ. ಆಳದಲ್ಲಿರುವ ನೀಳವಾದ ಕಾಂಡಗಳು ಮುಂದಮುಂದಕ್ಕೆ ಸಾಗಿ ಹೊಸ ನೆಲವನ್ನು ಆಕ್ರಮಿಸುವುವು. ಪಿಷ್ಟವನ್ನು ಕೂಡಿಡುವುದೂ ಇವುಗಳ ಕೆಲಸವೇ. ಇವುಗಳಿಂದ ಮೇಲಕ್ಕೆ ಕವಲೊಡೆದ ಗಿಡ್ಡ ಕಾಂಡಗಳು ಎಲೆಗಳನ್ನು ಹೊರಡಿಸುವುವು. ಎಲೆಯನ್ನು ಕಡಿದಾಗ, ಅದುವರೆಗೆ ನಿದ್ರಿಸುತ್ತಿದ್ದ ಮೊಗ್ಗುಗಳು ಎಚ್ಚೆತ್ತು ಅದರ ಸ್ಥಾನವನ್ನು ತುಂಬುತ್ತವೆ. ನೆಲದ ಮೇಲೆ ಕಾಣುವ ಹಸುರಿನ ತೂಕಕ್ಕಿಂತ ನೆಲದೊಳಗಿನ ಕಾಂಡಗಳ ತೂಕವೇ ಹೆಚ್ಚಾಗಿರುವುದು ಸಾಮಾನ್ಯ.

ಇದನ್ನು ಹಗೇವಿನ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಹಗೇವಿನಲ್ಲಿ ರಾಗಿಯನ್ನು ತುಂಬಿಟ್ಟುಕೊಂಡ ಮನೆಯವರು ಒಂದು ವರ್ಷದ ಬೆಳೆ ಹೋದರೂ ಉಪವಾಸ ಬೀಳುವುದಿಲ್ಲ. ಹಾಗೆಯೇ ಈ ಗಿಡವು ತನ್ನ ಗುಪ್ತಕಾಂಡದಲ್ಲಿ ಕೂಡಿಟ್ಟ ಪಿಷ್ಟದಿಂದಲೇ ಹೊಸ ಎಲೆಯನ್ನು ಕಟ್ಟುತ್ತದೆ. ಸುರುಳಿಯು ಬಿಚ್ಚಿಕೊಳ್ಳುವವರೆಗೂ ಖರ್ಚೇ ಹೊರತು ಜಮೆಯಿಲ್ಲ. ಎಲೆಯು ಪೂರ್ಣವಾಗಿ ಹರಡಿ ಬಿಸಿಲನ್ನು ಕುಡಿಯತೊಡಗಿದ ಮೇಲೆ ಪಿಷ್ಟವು ಮತ್ತೆ ಕೆಳಗಿಳಿದು ಹಗೇವು ತುಂಬುವುದು. ಎಲೆಯು ಹಳದಿಯಾಗಿ ಕಂದಿಹೋಗುವಾಗ ಕಡಿದರೆ, ಸುಗ್ಗಿ ಮುಗಿದು ಧಾನ್ಯವು ಹಗೇವು ಸೇರಿದ ಮೇಲೆ ಬರಿಯ ಕೂಳೆಯನ್ನು ಕೊಯ್ದಂತೆ. ಸುರುಳಿಯಿರುವಾಗಲೇ ಮುರಿದರೆ ಗಿಡಕ್ಕೆ ಆಗುವ ಖರ್ಚು ಅಲ್ಪ. ಖರ್ಚೆಲ್ಲಾ ಆಗಿ ಜಮೆಯು ಇನ್ನೂ ಪ್ರಾರಂಭವಾಗದ ಆ ಕೆಲವು ದಿನಗಳೇ, ಎಂದರೆ ಎಲೆಯು ಆಗತಾನೇ ಪೂರ್ತಿಯಾಗಿ ಬಿಚ್ಚಿಕೊಂಡ ಸಮಯವೇ, ಕತ್ತಿಗೆ ತಕ್ಕ ಕಾಲ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಬ್ರೆಕ್‌ಲೆಂಡ್ ಎಂಬ ಮರಳುಮಣ್ಣಿನ ಬೀಡಿನಲ್ಲಿ, ಎ. ಎಸ್. ವಾಟ್ ಎಂಬ ಸಸ್ಯಶಾಸ್ತ್ರಜ್ಞರು ಅನೇಕ ವರ್ಷಗಳ ಕಾಲ ಈ ಗಿಡವನ್ನು ಅಗೆದು ಅಳೆದು ಪರೀಕ್ಷಿಸಿದರು. 1947ರಲ್ಲಿ ಅವರು ಪ್ರಕಟಿಸಿದ ಲೇಖನದಂತೆ, ಬ್ರಾಕನ್ನಿನ ಹಿಂಡು ಮುಂದಕ್ಕೆ ಸಾಗುವಾಗ ಅದರಲ್ಲಿ ನಾಲ್ಕು ಅವಸ್ಥೆಗಳನ್ನು ಕಾಣಬಹುದು: ಅಂಚಿನಲ್ಲಿ ಹೊಸ ನೆಲವನ್ನು ಹಿಡಿಯುವ ಅವಸ್ಥೆ, ಅದರ ಹಿಂದೆ ಬಲಗೊಳ್ಳುವ ಅವಸ್ಥೆ, ಅನಂತರ ಪ್ರೌಢಾವಸ್ಥೆ, ಕಡೆಗೆ ನಡುವೆ ಕ್ಷೀಣಿಸಿ ತೆರಪಾಗುವ ಅವಸ್ಥೆ. ಆ ತೆರಪಿನಲ್ಲಿ ಹುಲ್ಲು ಮತ್ತೆ ಬರುವುದು. ಕೆಲವು ಕಾಲವಾದ ಮೇಲೆ ಬ್ರಾಕನ್ ಪುನಃ ಅದನ್ನು ಆವರಿಸುವುದು. ಹಿಂಡಿನ ನಡುವೆ ಗಿಡವು ತೆಳ್ಳಗಾದುದನ್ನು ಕಂಡು ‘ಪೀಡೆ ತೊಲಗಿತು’ ಎಂದು ತಿಳಿಯುವುದು ಆತುರದ ಮಾತು. ನೋಡಬೇಕಾದುದು ಹಿಂಡಿನ ಅಂಚನ್ನು. ಅಂಚಿನಲ್ಲಿ ಗೂಟಗಳನ್ನು ನೆಟ್ಟು, ವರ್ಷಕ್ಕೊಮ್ಮೆ ಅವುಗಳಿಂದ ಎಷ್ಟು ಅಡಿ ಮುಂದೆ ಬಂದಿತೆಂದು ಅಳೆದರೆ ಗ್ರಾಮಸ್ಥರಿಗೆ ತಮ್ಮ ಗೋಮಾಳದ ಸ್ಥಿತಿಯು ಯಾರ ಸಹಾಯವೂ ಇಲ್ಲದೆ ತಿಳಿಯುವುದು.

ಗುಪ್ತಕಾಂಡವು ಒಂದು ತುದಿಯಲ್ಲಿ ಬೆಳೆಯುತ್ತಾ ಮತ್ತೊಂದು ತುದಿಯಲ್ಲಿ ಕೊಳೆಯುತ್ತಾ ಹೋಗುವುದರಿಂದ ಈ ಗಿಡಕ್ಕೆ ಮುಪ್ಪೆಂಬುದೇ ಇಲ್ಲವೇನೋ ಎನ್ನಿಸುವುದು. ಫಿನ್‌ಲೆಂಡಿನಲ್ಲಿ ಓಯ್ನೋನೆನ್ ಎಂಬ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮೂಲದಿಂದ ಹರಡಿದ ಹಿಂಡುಗಳು ನೂರಾರು ಗಜಗಳಷ್ಟು ವಿಸ್ತಾರವಾಗಿರುವುದನ್ನು ತೋರಿಸಿ, ಕೆಲವಕ್ಕೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸನ್ನು ಕಟ್ಟಿದರು. ಅಂತಹ ಗಿಡವನ್ನು ಎರಡು ದಿನದ ಕೂಲಿಯಿಂದ ಮುಗಿಸಿಬಿಡುವೆನೆಂಬುದು ಸಾಹಸದ ಮಾತೇ ಸರಿ. ಹಿಂದೆ ಹೇಳಿದ ಬ್ರೆಕ್‌ಲೆಂಡಿನಲ್ಲಿ 1978ರಿಂದ ನಡೆಯಿಸಿದ ಪ್ರಯೋಗದಲ್ಲಿ, 18 ವರ್ಷಗಳ ಕಾಲ ಎಡೆಬಿಡದೆ ಹತೋಟಿಮಾಡಿದ ನಂತರವೂ ಬ್ರಾಕನ್ ಬಹಳವಾಗಿ ಕುಗ್ಗಿತ್ತೇ ಹೊರತು ನಿರ್ಮೂಲವಾಗಿರಲಿಲ್ಲ. ಇದರಿಂದ ಕಡಿಯುವುದು ನಿಷ್ಫಲವೆಂದು ತಿಳಿಯಬಾರದು. ನಿರ್ಮೂಲವೆಂಬ ಆಸೆಯನ್ನು ಬಿಟ್ಟು, ಹುಲ್ಲು ಗೆಲ್ಲುವಷ್ಟರ ಮಟ್ಟಿಗೆ ಗಿಡವನ್ನು ಬಡವಾಗಿಸುವುದೇ ನಮ್ಮ ಗುರಿಯಾಗಿರಬೇಕು.

ಬೀಜಾಣುಗಳೂ ಬೆಂಕಿಯೂ

ಜರಿಗಿಡಗಳಿಗೆ ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ಬೀಜವಿಲ್ಲದೆ ಗಿಡವು ಹುಟ್ಟುವುದೆಂತೆಂದು ಪೂರ್ವದಲ್ಲಿ ಯೂರೋಪಿನ ಹಳ್ಳಿಗರು ಬೆರಗಾಗಿ, ಇದಕ್ಕೆ ಬೀಜವುಂಟು, ಆದರೆ ಅದು ಕಣ್ಣಿಗೆ ಕಾಣದು, ಅದನ್ನು ಸಂಪಾದಿಸಿದವನೂ ಇತರರಿಗೆ ಕಾಣದೆ ಸಂಚರಿಸಬಹುದು ಎಂದು ನಂಬಿದ್ದರು. ಜರಿಗಿಡಗಳ ಜೀವನಕ್ರಮದ ಗುಟ್ಟು 19ನೆಯ ಶತಮಾನದ ಮಧ್ಯಭಾಗದಲ್ಲಿ ಹೊರಬಿದ್ದಿತು. ಜರ್ಮನಿಯ ಹಾಫ್‌ಮೈಸ್ಟರ್ 1851ರಲ್ಲಿ ಅದನ್ನು ಕ್ರಮವಾಗಿ ನಿರೂಪಿಸಿದನು.

ಬಲಿತ ಎಲೆಯ ಮಡಿಸಿದ ಅಂಚನ್ನು ಉಗುರಿನಿಂದ ಬಿಡಿಸಿದರೆ ಒಳಗೆ ಕಂದುಬಣ್ಣದ ಪುಡಿಯು ಗೆರೆಯಂತೆ ಕಾಣುವುದು. ಈ ಪುಡಿಯ ಕಣಗಳೇ ಬೀಜಾಣುಗಳು. ಒಂದೇ ಎಲೆಯು ಒಳ್ಳೆಯ ವರ್ಷದಲ್ಲಿ 30 ಕೋಟಿಯಷ್ಟು ಬೀಜಾಣುಗಳನ್ನು ಚೆಲ್ಲಬಹುದೆಂದು ಸ್ಕಾಟ್ಲೆಂಡಿನ ಎಲ್ಸಿ ಕಾನ್ವೇ ಎಂಬ ವಿದುಷಿ 1957ರಲ್ಲಿ ಲೆಕ್ಕಹಾಕಿದರು. ಗಾಳಿಯಲ್ಲಿ ದೂರದೂರಕ್ಕೆ ಹೋದ ಬೀಜಾಣುವು ತೇವದ ನೆಲದಲ್ಲಿ ಮೊಳೆತು, ಮೊದಲು ಜರಿಗಿಡವಾಗದೆ, ಕಿರುಬೆರಳ ಉಗುರಿಗಿಂತಲೂ ಚಿಕ್ಕದಾದ ಹೃದಯಾಕಾರದ ಹಸಿರು ಹಾಳೆಯಾಗುತ್ತದೆ. ಗಂಡು ಹೆಣ್ಣೆಂಬ ಭೇದವು ಇರುವುದು ಈ ಹಾಳೆಯಲ್ಲಿಯೇ. ಗಂಡಿನ ಕಣವು ಹೆಣ್ಣಿನ ಕಣವನ್ನು ಸೇರುವುದಕ್ಕೆ ನೀರಿನ ಪದರದಲ್ಲಿ ಈಜಿಹೋಗಬೇಕು. ಸೇರಿದ ಮೇಲೆ ಹುಟ್ಟುವುದೇ ನಾವು ಕಾಣುವ ಜರಿಗಿಡ. ಮೊದಲು ಬೆಳೆದ ಹಾಳೆಗಳು ಒಂದು ರಸವನ್ನು ಸ್ರವಿಸಿ, ನೆರೆಯ ಎಳೆಯ ಹಾಳೆಗಳು ಗಂಡಿನ ಅಂಗಗಳನ್ನೇ ತಳೆಯುವಂತೆ ಮಾಡುವುವೆಂಬ ವಿಚಿತ್ರವನ್ನು ಜರ್ಮನಿಯ ಡೋಪ್ ಎಂಬವರು 1950ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಗೆ ಒಳಗಾದುದೂ ಈ ಬ್ರಾಕನ್ನೇ.

ಕೋಟಿಗಟ್ಟಲೆ ಬೀಜಾಣುಗಳು ಬಿದ್ದರೂ ದೇಶವೆಲ್ಲಾ ಬ್ರಾಕನ್ ಆಗದಿರುವುದಕ್ಕೆ ಕಾರಣವೇನು? ಆ ಚಿಕ್ಕ ಹಾಳೆಯು ಅತಿ ಸುಕುಮಾರವಾದುದು. ದಟ್ಟವಾದ ಹುಲ್ಲಿನ ನಡುವೆ ಅದಕ್ಕೆ ಬೆಳಕೂ ಇಲ್ಲ, ಎಡೆಯೂ ಇಲ್ಲ. ಮಣ್ಣಿನ ಬೂಷ್ಟುಗಳು ಅದನ್ನು ಕೊಳೆಯಿಸುವುವು. ಆದರೆ ಬೆಂಕಿಯು ಹಾಯ್ದುಹೋದ ನೆಲದಲ್ಲಿ ಹುಲ್ಲು ಸುಟ್ಟಿರುತ್ತದೆ, ಬೂಷ್ಟುಗಳು ಕುಗ್ಗಿರುತ್ತವೆ, ಬೂದಿಯಿಂದ ಮಣ್ಣಿನ ಹುಳಿಯು ಇಳಿದಿರುತ್ತದೆ. ಗುಡ್ಡಕ್ಕೆ ಬೆಂಕಿಯಿಡುವವನು ಬ್ರಾಕನ್ನಿಗೆ ಸಸಿಮಡಿಯನ್ನು ಹದಮಾಡಿಕೊಟ್ಟಂತೆಯೇ ಆಯಿತು. ಮೊದಲೇ ಗಿಡವಿರುವ ಕಡೆಗಳಲ್ಲಂತೂ ಮಣ್ಣಿನ ಕೆಳಗಿರುವ ಗುಪ್ತಕಾಂಡಕ್ಕೆ ಆ ಬೆಂಕಿಯ ಕಾವು ತಟ್ಟುವುದೇ ಇಲ್ಲ. ಅದರ ಪ್ರತಿಸ್ಪರ್ಧಿಗಳು ಮಾತ್ರ ಸುಟ್ಟುಹೋಗುವುವು. ಎಳೆಯ ಹುಲ್ಲು ಬರಲೆಂದು ವರ್ಷವರ್ಷವೂ ಗುಡ್ಡವನ್ನು ಸುಡುವ ಪದ್ಧತಿಯು ಕಡೆಗೆ ಹುಲ್ಲಿಗೇ ಮುಳುವಾಗುವ ಬಗೆಯು ಹೀಗೆ.

ಎಳೆಯ ಎಲೆಯ ಕವಲುಗಳ ಬುಡದಲ್ಲಿ ಜೇನಿನಂತಹ ರಸವನ್ನು ಒಸರಿಸುವ ಗ್ರಂಥಿಗಳಿರುವುದನ್ನೂ ಇಲ್ಲಿಯೇ ಹೇಳಬಹುದು. ಇರುವೆಗಳು ಅದಕ್ಕಾಗಿ ಏರಿಬರುವುವು. ಹೂವಿಲ್ಲದ ಗಿಡಕ್ಕೆ ಜೇನೇತಕ್ಕೆಂದು, ಪ್ರಸಿದ್ಧನಾದ ಡಾರ್ವಿನ್ನನ ಮಗ ಫ್ರಾನ್ಸಿಸ್ ಡಾರ್ವಿನ್ 1877ರಲ್ಲಿಯೇ ವಿಚಾರಮಾಡಿದ್ದನು.

ದನಕರುಗಳಿಗೆ ವಿಷ

ಹಸಿಹುಲ್ಲು ಧಾರಾಳವಾಗಿರುವಾಗ ದನಗಳು ಬ್ರಾಕನ್ನನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ಮೇವಿನ ಅಭಾವದಿಂದ ಹಸಿದಿರುವಾಗಲೂ, ಸುಟ್ಟ ನೆಲದಲ್ಲಿ ಎಳೆಯ ಕುಡಿಗಳು ಮಾತ್ರ ಹಸುರಾಗಿರುವಾಗಲೂ ತಿನ್ನುತ್ತವೆ. ದುರದೃಷ್ಟವಶಾತ್ ವಿಷವು ಹೆಚ್ಚಾಗಿರುವುದು ಆ ಎಳೆಯ ಕುಡಿಗಳಲ್ಲಿಯೇ.

ಕುದುರೆಗಳಿಗೂ ಹಂದಿಗಳಿಗೂ ಇದರಿಂದಾಗುವ ರೋಗವು ಬೇರೆ, ದನಗಳಿಗೆ ಆಗುವುದು ಬೇರೆ. ಬ್ರಾಕನ್ನಿನಲ್ಲಿರುವ ಒಂದು ಕಿಣ್ವವು ಆಹಾರದ ಬಿ1 ಜೀವಸತ್ವವನ್ನು ನಾಶಮಾಡುವುದರಿಂದ ಕುದುರೆಯು ತೂರಾಡಿ ಬೀಳುವುದು; ಕಾಲದಲ್ಲಿ ಆ ಜೀವಸತ್ವವನ್ನು ಚುಚ್ಚಿ ಕೊಟ್ಟರೆ ಬದುಕಬಹುದು. ಮೆಲುಕುಹಾಕುವ ಪ್ರಾಣಿಗಳು ತಮ್ಮ ಹೊಟ್ಟೆಯಲ್ಲಿಯೇ ಆ ಜೀವಸತ್ವವನ್ನು ಉತ್ಪತ್ತಿಮಾಡಿಕೊಳ್ಳುವುದರಿಂದ ದನಗಳಿಗೆ ಸಾಮಾನ್ಯವಾಗಿ ಆ ಭಯವಿಲ್ಲ. ಆದರೆ ಅವುಗಳಿಗೆ ಅದಕ್ಕಿಂತ ಕ್ರೂರವಾದ ಎರಡು ರೋಗಗಳು ಕಾದಿರುವುವು. ವಾರಗಟ್ಟಲೆ ಬಹಳವಾಗಿ ತಿಂದ ದನದಲ್ಲಿ ಎಲುಬಿನ ಮಜ್ಜೆಯು ಕೆಟ್ಟು, ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ಕಳೆದುಕೊಂಡು, ಜ್ವರವೇರಿ, ಮೂಗಿನಿಂದಲೂ ಸಗಣಿಯೊಡನೆಯೂ ರಕ್ತವು ಹೋಗುವುದು. ಗುಡ್ಡದಿಂದ ದನವನ್ನು ತಂದು ಕೊಟ್ಟಿಗೆಯಲ್ಲಿ ಕಟ್ಟಿದ ಕೆಲವು ವಾರಗಳ ಮೇಲೂ ಈ ರೋಗವು ತಲೆದೋರಬಹುದಾದುದರಿಂದ ಕಾರಣವು ತಿಳಿಯದೆ ಹೋಗುವುದುಂಟು. ಎರಡನೆಯದು, ಸ್ವಲ್ಪ ಸ್ವಲ್ಪವಾಗಿ ತಿಂಗಳು ವರ್ಷಗಳ ಕಾಲ ತಿಂದುದರ ಫಲವಾದ ರಕ್ತಮೂತ್ರರೋಗ. ಮೂತ್ರಕೋಶದಲ್ಲಿ ಗಂಟುಗಳೆದ್ದು, ರಕ್ತವು ಆಗಾಗ್ಗೆ ಮೂತ್ರದಲ್ಲಿ ಹೋಗುತ್ತಾ, ಹಸುವು ಬಿಳಿಚಿಕೊಂಡು ಸೊರಗಿ ಸಾಯುವುದು. ಡಾರ್ಜಿಲಿಂಗ್, ಕುಮಾವೂ, ಹಿಮಾಚಲ ಮುಂತಾದ ಹಿಮಾಲಯದ ಸೀಮೆಗಳಲ್ಲಿಯೂ ದಕ್ಷಿಣದಲ್ಲಿ ನೀಲಗಿರಿಯಲ್ಲಿಯೂ ಈ ರೋಗವು ಕಂಡುಬಂದಿರುತ್ತದೆ.

ಬ್ರಾಕನ್ ತಿನ್ನಿಸಿದ ಇಲಿಗಳಲ್ಲಿ ಅರ್ಬುದವುಂಟಾಗುವುದನ್ನು ವೇಲ್ಸ್ ದೇಶದಲ್ಲಿ ಇವಾನ್ಸ್ ಮತ್ತು ಮೇಸನ್ ಎಂಬವರು 1965ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಕಾರಣವಾದ ಟ್ಯಾಕ್ವಿಲೋಸೈಡ್ ಎಂಬ ವಸ್ತುವನ್ನು 1983ರಲ್ಲಿ ಜಪಾನಿನವರೂ ಹಾಲೆಂಡಿನವರೂ ಬೇರೆಬೇರೆಯಾಗಿ ಪ್ರತ್ಯೇಕಿಸಿದರು. ಬ್ರಾಕನ್ ತಿಂದ ಹಸುವಿನ ಹಾಲಿನಲ್ಲಿಯೂ ಆ ವಿಷವು ಇಳಿಯುವುದೆಂದು 1996ರಲ್ಲಿ ಪ್ರಕಟವಾಯಿತು. ವಿಷದ ಪ್ರಮಾಣವು ಜಾತಿ, ಸ್ಥಳ, ಋತುಗಳನ್ನನುಸರಿಸಿ ಹೆಚ್ಚು ಕಡಮೆಯಾಗುವುದು. ಹಾಗೆಂದು ನಮ್ಮ ಗುಡ್ಡದ ಗಿಡವು ನಿರಪಾಯಕರವೆಂದು ಭಾವಿಸುವುದಕ್ಕೆ ಆಧಾರವಿಲ್ಲ.

ಮೂತ್ರವು ಕೆಂಪಾದ ಮಾತ್ರಕ್ಕೆ ಬ್ರಾಕನ್ನೇ ಕಾರಣವೆಂದೂ ಹೇಳಲಾಗದು. ಉಣ್ಣೆಗಳಿಂದ ಬರುವ ಜ್ವರದಲ್ಲಿಯೂ ಹೀಗಾಗುವುದು. ಮೂತ್ರವನ್ನು ಗಾಜಿನ ಲೋಟದಲ್ಲಿ ಹಿಡಿದು ಕೆಲವು ಗಂಟೆಗಳ ಕಾಲ ಅಲುಗಿಸದೆ ಇಡಬೇಕು. ಕೆಂಪು ತಳಕ್ಕಿಳಿದು ಮೇಲಿನ ನೀರು ತಿಳಿಯಾದರೆ ರಕ್ತವೇ ಹೋಗುತ್ತಿದೆಯೆಂದು ಊಹಿಸಬಹುದು. ಲೋಟವೆಲ್ಲಾ ಒಂದೇ ಬಣ್ಣವಾಗಿ ಉಳಿದು ಜ್ವರವೂ ಇದ್ದರೆ ಉಣ್ಣೆಜ್ವರದ ಸಂಶಯವು ಬಲವಾಗುವುದು. ಅದಕ್ಕೆ ಔಷಧಿಯುಂಟು, ತಡಮಾಡಬಾರದು. ಯಾವುದಾದರೂ ಪಶುವೈದ್ಯರನ್ನು ಕರೆಯಿಸಿಯೇ ನಿಶ್ಚಯಿಸಿಕೊಳ್ಳತಕ್ಕದ್ದು. ಬ್ರಾಕನ್ನಿನ ರಕ್ತಮೂತ್ರಕ್ಕೆ ಖಂಡಿತವಾದ ಔಷಧಿಯಿಲ್ಲ. ದನವನ್ನು ಆ ನೆಲದಿಂದ ತಪ್ಪಿಸುವುದೊಂದೇ ಉಪಾಯ.

ಹತೋಟಿಯ ಕ್ರಮ

ಮೊದಲನೆಯದಾಗಿ ಬೆಂಕಿಯನ್ನು ನಿಲ್ಲಿಸಬೇಕು. ಇದು ಒಬ್ಬ ಜಮೀನುದಾರನಿಂದ ಆಗುವ ಕೆಲಸವಲ್ಲ. ನೆರೆಯ ಗುಡ್ಡದ ಬೆಂಕಿಗೆ ಎಲ್ಲೆಕಟ್ಟು ತಿಳಿಯದು. ಗ್ರಾಮಮುಖ್ಯಸ್ಥರು ಬೇಸಿಗೆಗೆ ಮುಂಚೆ ಜನರನ್ನು ಸೇರಿಸಿ, ಬೆಂಕಿಯ ಪಟ್ಟೆಗಳನ್ನು ಸವರಿಸಿ, ಕಾವಲನ್ನು ಗೊತ್ತುಮಾಡುವುದು ಅವಶ್ಯಕ.

ಕಡಿಯುವುದನ್ನು ಮೇಲೆ ಹೇಳಿದ ಸಮಯದಲ್ಲಿ ಮಾಡಿ, ಮತ್ತೆ ಬಂದ ಎಲೆಗಳು ಬಿಚ್ಚಿಕೊಂಡಾಗ ಎರಡನೆಯ ಸಲ ಕಡಿಯಬೇಕು. ಹೀಗೆ ವರ್ಷಕ್ಕೆ ಎರಡು ಸಲ, ಸಾಧ್ಯವಾದರೆ ಮೂರು ಸಲ, ಕಡೆಯಪಕ್ಷ ನಾಲ್ಕೈದು ವರ್ಷಗಳು ನಡೆಯಿಸದಿದ್ದರೆ ಫಲವನ್ನು ನಿರೀಕ್ಷಿಸಲಾಗದು. ನಡುವೆ ಬಿಟ್ಟರೆ ಹಗೇವು ಮತ್ತೆ ತುಂಬುವುದು. ನೂರು ಎಕರೆಯನ್ನು ಒಂದು ವರ್ಷ ಸವರುವುದಕ್ಕಿಂತ ಹತ್ತು ಎಕರೆಯನ್ನು ಹತ್ತು ವರ್ಷ ಸವರುವುದು ಮೇಲು. ಸಮತಟ್ಟಾದ ನೆಲವನ್ನು ಆಳವಾಗಿ ಉತ್ತು ಗುಪ್ತಕಾಂಡಗಳನ್ನು ಬಿಸಿಲಿಗೆ ಒಣಗಿಸಬಹುದು. ಕಡಿದಾದ ಇಳಿಜಾರಿನಲ್ಲಿ ಮಾತ್ರ ಉಳುವುದು ಕೂಡದು, ಮಲೆನಾಡಿನ ಮಳೆಗೆ ಮಣ್ಣೇ ಕೊಚ್ಚಿಹೋದೀತು. ಹುಲ್ಲಿನ ಅವಶ್ಯಕತೆಯಿಲ್ಲದ ಕಡೆ ದಟ್ಟವಾಗಿ ನೆರಳು ಕೊಡುವ ಮರಗಳನ್ನು ಬೆಳೆಯಿಸಿದರೆ ಗಿಡವು ತಾನಾಗಿಯೇ ಸೊರಗುವುದು. ಕಂದು ಪುಡಿಯು ಬಲಿತಿರುವಾಗ ಕಡಿಯಬೇಕಾಗಿ ಬಂದರೆ ಕೂಲಿಯಾಳುಗಳು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳುವುದೊಳ್ಳೆಯದು.

ಕಡಿದ ಸೊಪ್ಪನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಬಾರದು. ಒಣಗಿದ ಮಾತ್ರಕ್ಕೆ ವಿಷವು ಹೋಗುವುದಿಲ್ಲ. ಹಸಿದ ದನವು ಹಾಸಿಗೆಯನ್ನೂ ಮೆಲ್ಲುವುದು. ಅದನ್ನು ಬಾವಿ, ಒರತೆಗಳಿಂದ ದೂರವಾದ ಗುಂಡಿಯಲ್ಲಿ ಸಗಣಿಯೊಡನೆ ಪದರಪದರವಾಗಿ ಹಾಕಿ ಚೆನ್ನಾಗಿ ಕೊಳೆಯಿಸಿದರೆ ಪೊಟ್ಯಾಷ್ ಅಂಶವು ವಿಶೇಷವಾಗಿರುವ ಗೊಬ್ಬರವಾಗುವುದು. ಹಿಂದೆ ಬ್ರಿಟನ್ನಿನಲ್ಲಿ ಇದರ ಬೂದಿಯನ್ನು ಗಾಜು ಮತ್ತು ಸಾಬೂನುಗಳ ತಯಾರಿಕೆಗೆ ಬಳಸುತ್ತಿದ್ದುದೂ ಈ ಪೊಟ್ಯಾಷ್‌ಗಾಗಿಯೇ. ಜಪಾನಿನವರು ಇದರ ಕುಡಿಗಳನ್ನು ಬೂದಿನೀರಿನಲ್ಲಿ ನೆನೆಯಿಸಿ ತಿನ್ನುವರು. ವಿಷವು ಅದರಿಂದ ಬಹಳ ಕಡಮೆಯಾಗುವುದಾದರೂ ಅನುಕರಿಸತಕ್ಕ ಪದ್ಧತಿಯೆಂದು ನಾವು ಹೇಳಲಾರೆವು.

ತಮ್ಮ ನೆಲದಲ್ಲಿರುವ ಜರಿಯು ಯಾವುದೆಂಬ ಸಂಶಯವಿದ್ದವರು ಬಲಿತ ಎಲೆಯೊಂದನ್ನು, ಗೇಣುದ್ದದ ಗುಪ್ತಕಾಂಡವು ಅಂಟಿಕೊಂಡಿರುವಂತೆ ಅಗೆದು ತೆಗೆದು, ಕಾಗದದ ಮಡಿಕೆಗಳ ನಡುವೆ ಭಾರವಿಟ್ಟು ಒಣಗಿಸಿ, ಊರಿನ ಹೆಸರನ್ನೂ ಕಿತ್ತ ದಿನವನ್ನೂ ಬರೆದು, ಸಮೀಪದ ಕೃಷಿ ಅಧಿಕಾರಿಗಳಿಗೆ ತೋರಿಸತಕ್ಕದ್ದು.